ಸಗರದಿಂದ ಸುರು ಆಗಬೇಕಾದ ಪಿಚ್ಚರ್

— ಕಾಕಾ, ಮೊಬೈಲಿನಾಗ ಹಚ್ಚಿಕೊಟ್ಟ ‘ಅಲೆಕ್ಸಾಂಡರ್ ನೆವ್‌ಸ್ಕಿ’ ಪಿಚ್ಚರ್ ಪೂರಾ ನೋಡಿದ್ರೇನ್ರಿ?

— ನೋಡ್ದೆ. ಮೊದಲ ಅರ್ಧದಾಗ ಕಣ್ಣು ಹತ್ತತಿತ್ತು. ಬರ್ಫಿನ ಮ್ಯಾಲ ಲಡಾಯಿ ಸುರು ಆದದ್ದೇ ತಡ, ನಿದ್ದಿ ಎಲ್ಲಿ ಹೋಯ್ತೋ ಏನೋ. ಅರ್ಧ ತಾಸು ಬರೇ ಲಡಾಯಿ! ರಷ್ಯನ್ ಮಾತು ಒಂದಕ್ಷರ ತಿಳೀಲಿಲ್ಲ, ತಿಳಿಯೋ ಜರೂರತ್ತೂ ಬೀಳಲಿಲ್ಲ. ಬಿಳಿ ಅರಿವಿ ಹಾಕ್ಕೊಂಡವರು ಕೆಟ್ಟವರು, ಕಪ್ಪು ಹಾಕ್ಕೊಂಡವರು ಒಳ್ಳೆಯವರು. ಅದೊಂದು ಉಲ್ಟಾ ಅನಿಸ್ತು.

— ಡೈರೆಕ್ಟರ್ ಬೇಕಂತಲೇ ಮಾಡ್ಯಾನ್ರಿ. ಐಸೆನ್‌ಸ್ಟೈನ್ ತನ್ನ ಹಿಂದಿನ ಪಿಚ್ಚರಿನಾಗ ಬಿಳೀನ್ನ ಒಳ್ಳೇದಕ್ಕ ಇಟ್ಟಿದ್ದ. ಇದರಾಗ ಜರ್ಮನ್ ಸರದಾರರಿಗಿ ಬಿಳಿ ಕೊಟ್ಟ, ಮಾರಿ ಕಾಣದಂಗ ಕಬ್ಬಿಣದ ಟೊಪ್ಪಿಗಿ ಹಾಕಿದ. ರೈತರಿಗಿ, ಕಮ್ಮಾರರಿಗಿ ಮಾರಿ ಕೊಟ್ಟ. ಯಾರ ಸಾವಿಗಿ ಅಳಬೇಕು ಅನ್ನೋದು ಅಲ್ಲೇ ತೀರಿತು.

— ಆ ಬರ್ಫ ಮಾತ್ರ ಖರೇದಲ್ಲ.

— ಹ್ಯಾಂಗ ಗೊತ್ತಾಯ್ತ್ರಿ?

— ಅಷ್ಟು ಮಂದಿ ಚೀರ್ತಾರ, ಬಡಿದಾಡ್ತಾರ, ಒಬ್ಬರ ಬಾಯಿಂದನೂ ಹಬಿ ಬರವಲ್ದು. ಟೂರಿಂಗ್ ಟಾಕೀಜಿನಾಗ ಮಶೀನ್ ನಡಿಸಿದವನ ಕಣ್ಣವ್ವಾ ಇದು. ಮಂದಿ ಹೀರೋನ ನೋಡ್ತಾರ, ಆಪರೇಟರ್ ಮೂಲ್ಯಾಗಿನದು ನೋಡ್ತಾನ.

— ಬರೋಬರ್ ಹಿಡಿದ್ರಿ. 1938ರ ಬ್ಯಾಸಗ್ಯಾಗ ಮಾಸ್ಕೋದ ಸ್ಟುಡಿಯೋ ಬಯಲಿನಾಗ ತೆಗೆದದ್ದು. ಡಾಂಬರ್ ನೆಲ, ಅದರ ಮ್ಯಾಲ ಗಾಜು, ಬಿಳಿ ಉಸುಕು. ಕಥಿ ಮಾತ್ರ 1242ರ ಏಪ್ರಿಲ್ 5ರದು. ಪೈಪಸ್ ಸರೋವರದ ಮ್ಯಾಲ ನವಗೊರೊದ್ ಊರಿನ ದಂಡು, ಎದುರಿಗಿ ಜರ್ಮನ್ ಧರ್ಮಯೋಧರು. ನಾಯಕ ಅಲೆಕ್ಸಾಂಡರ್ ನೆವ್‌ಸ್ಕಿ. ಸಂಗೀತ ಪ್ರೊಕೊಫಿಯೆವ್ ಅವರದು. ಕೆಲವು ಕಡಿ ಮೊದಲು ಸಂಗೀತ ಮಾಡಿ, ಅದರ ತಾಳಕ್ಕ ಚಿತ್ರ ಜೋಡಿಸ್ಯಾರ. ಅದಕ್ಕೇ ಲಡಾಯಿ ಬರೋಕಿಂತ ಮೊದಲು ಎದಿ ಹೊಡಕೊಳ್ಳಾಕ ಹತ್ತತದ.

— ಹೌದು, ದೂರ ಆ ಸಾಲು ಕಾಣ್ತದಲ್ಲ, ಬರ್ತಾರ, ಬರ್ತಾರ, ಇನ್ನೂ ಬರ್ತಾರ. ನಮ್ಮ ಪಿಚ್ಚರಿನವರಿಗಿ ಇಷ್ಟು ಸಬೂರಿ ಇರಲಿಲ್ಲ. ರೊಕ್ಕನೂ ಇರಲಿಲ್ಲ ಬಿಡು. ಒಂದು ರಾಜ್ಯ ಪೂರಾ ಹಿಂದ ನಿಂತು ಮಾಡಿಸಿದ ಪಿಚ್ಚರ್ ಅದು. ನಮ್ಮದು ‘ರಣಧೀರ ಕಂಠೀರವ’ ತಗೋ, 1960. ಅದನ್ನ ಮಾಡಿದವರು ಯಾರು? ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್. ಕಲಾವಿದರಿಗಿ ಕೆಲಸ ಇಲ್ಲ, ಎಲ್ಲಾರೂ ಕೂಡಿ ಸಂಘ ಕಟ್ಟಿ, ನಾಟಕ ಆಡಿ ರೊಕ್ಕ ಜಮಾ ಮಾಡಿ ತೆಗೆದದ್ದು. ಅಲ್ಲಿ ದೇಶದ ಭಯ, ಇಲ್ಲಿ ಹೊಟ್ಟಿ.

— ಅದು ಇಲ್ಲಿ ಓಡಿತ್ತೇನ್ರಿ?

— ಓಡಿತ್ತಾ ಅಂತೀ! ಜಾತ್ರ್ಯಾಗ ತಂಬು ಹಾಕಿದ್ರ ರಾಜಕುಮಾರನ ಪಿಚ್ಚರ್ ಹಳೇದಾದಷ್ಟೂ ಮಂದಿ ಹೆಚ್ಚು. ‘ಇಮ್ಮಡಿ ಪುಲಿಕೇಶಿ’, ‘ಶ್ರೀಕೃಷ್ಣದೇವರಾಯ’, ಆಮ್ಯಾಲ ‘ಮಯೂರ’. ಅಲ್ಲಾ, 1956ರ ತನಕ ನಾವು ಹೈದರಾಬಾದಿನವರು. ಕಚೇರಿ ಉರ್ದು, ಕಾಗದ ಉರ್ದು. ಮೈಸೂರಿನ ಒಬ್ಬ ರಾಜ ಕತ್ತಿ ಹಿರಿದ್ರ ಅಫಜಲಪುರದವ ಯಾಕ ಸೀಟಿ ಹೊಡೀಬೇಕು? ಹೊಡೆದ. ಯಾರೂ ಕೇಳಲಿಲ್ಲ, ಈ ರಾಜ ನಮಗ ಏನಾಗಬೇಕು ಅಂತ.

— ಕೇಳಿದ್ರ ತ್ರಾಸ ಆಗತಿತ್ತು. ಕಂಠೀರವ ನರಸರಾಜ ಪಟ್ಟಕ್ಕ ಬಂದದ್ದು 1638ರಾಗ. ಬಂದ ಸ್ವಲ್ಪೇ ದಿನಕ್ಕ ಶ್ರೀರಂಗಪಟ್ಟಣದ ಮ್ಯಾಲ ದಂಡು ತಂದವ ರಣದುಲ್ಲಾಖಾನ, ಬಿಜಾಪುರದ ಆದಿಲಶಾಹಿ ಸರದಾರ. ಅವಾಗ ನಮ್ಮ ಸೀಮಿ ಯಾರ ಕೈಯಾಗ ಇತ್ತು?

— ಬಿಜಾಪುರದವರದು.

— ಮತ್ತ? ಮೈಸೂರಿನವರ ಲೆಕ್ಕದಾಗ ದಾಳಿಕೋರರು ಅಂದ್ರ ನಾವೇ. ಪಿಚ್ಚರಿನಾಗ ಆ ಮುತ್ತಿಗಿ ಎಷ್ಟು ಅದ, ಬಿಡ್ರಿ, ಅದು ಬ್ಯಾರೆ ಮಾತು. ಆ ದಂಡಿನಾಗ ಭೀಮಾ ದಂಡಿಯ ಸಿಪಾಯಿಗಳು ಇದ್ದಿರಲಿಕ್ಕೇ ಬೇಕು. ಅವರ ಮಕ್ಕಳ ಮಕ್ಕಳು ತಂಬಿನಾಗ ಕುಂತು ಎದುರಿನವಗ ಸೀಟಿ ಹೊಡೆದ್ರು.

— ಹೊಡೀಲಿ ಬಿಡವ್ವಾ! ತಂಬಿನಾಗ ಬಂದು ಕುಂತವಗ ಎರಡೂವರಿ ತಾಸು ಒಂದು ಕಡಿ ನಿಲ್ಲಬೇಕು ಅನಿಸ್ತದ. ಯಾವ ಕಡಿ ಅಂತ ಪಡದೆ ಹೇಳ್ತದ. ಇದರಾಗ ತಪ್ಪೇನದ?

— ತಪ್ಪು ಅಂತ ಹೇಳವಲ್ಲೆ. ಪಡದೆ ಏನು ಬಿಟ್ಟದ ಅಂತ ನೋಡಬೇಕು ಅಂತೀನಿ. ನೆವ್‌ಸ್ಕಿ ಪಿಚ್ಚರಿನ ಮೊದಲಿಗೇ ಮಂಗೋಲರು ಬರ್ತಾರಲ್ಲ, ನೆನಪದ ಏನು?

— ಮೀನ ಹಿಡೀತಿದ್ದಾಗ ಪಾಲಕಿಯಾಗ ಬರ್ತಾನ ಒಬ್ಬ. ನಮ್ಮ ಚಾಕರಿಗಿ ಬಾ ಅಂತ ಕರೀತಾನ, ಅಲ್ಲ? ಇವ ಒಲ್ಲೆ ಅಂತಾನ.

— ಪಿಚ್ಚರಿನಾಗ ಒಲ್ಲೆ ಅಂತಾನ. ಇತಿಹಾಸದಾಗ ಆ ಮಂಗೋಲರಿಗಿ ಕಪ್ಪ ಕೊಟ್ಟ, ಕೊಡಿಸಿದ, ಅವರ ಹತ್ತಿರ ಹೋಗಿ ತಲಿ ಬಾಗಿಸಿ ಬಂದ. 1263ರಾಗ ಅವರ ಬಿಡಾರಕ್ಕ ಹೋಗಿ ತಿರುಗಿ ಬರೋವಾಗ ದಾರ್ಯಾಗೇ ಸತ್ತ. ಪಡುವಣದಿಂದ ಬಂದವರ ಜೋಡಿ ಲಡಾಯಿ, ಮೂಡಣದಿಂದ ಬಂದವರ ಜೋಡಿ ರಾಜಿ. ಮೂಲ ಚಿತ್ರಕಥಿಯಾಗ ಈ ಸಾವೂ ಇತ್ತು. ಸ್ಟಾಲಿನ್ ಓದಿ, ಇಷ್ಟು ಒಳ್ಳೆ ರಾಜ ಸಾಯಬಾರದು ಅಂತ ತೆಗೆಸಿದ ಅಂತ ಹೇಳ್ತಾರ. ಪಿಚ್ಚರ್ ಗೆದ್ದ ದಿನಕ್ಕೇ ಮುಗೀತದ.

— ಸ್ಟಾಲಿನ್ ಒಬ್ಬನೇ ಏನು? ರೀಲ್ ತೆಗೆಯೋದು ನಾವೂ ಮಾಡೇವಿ. ಎರಡನೇ ಆಟ ಮುಗಿಯೋಷ್ಟರಾಗ ರಾತ್ರಿ ಒಂದು ದಾಟತದ, ಮಂದಿ ಬಂಡಿ ಕಟ್ಟಿಕೊಂಡು ಹಳ್ಳಿಗಿ ಹೋಗಬೇಕು. ಅಳೋ ಸೀನಿನ ರೀಲ್ ಒಂದು ಹಾರಿಸಿಬಿಡತಿದ್ವಿ. ಲಡಾಯಿ ರೀಲಿಗಿ ಮಾತ್ರ ಕೈ ಹಚ್ಚತಿರಲಿಲ್ಲ. ಹಚ್ಚಿದ್ರ ತಂಬು ಸುಟ್ಟು ಹಾಕತಿದ್ರು.

— ನೋಡ್ರಿ, ಅಂದ್ರ ಸ್ಟಾಲಿನ್‌ಗೂ ನಿಮಗೂ ಒಂದೇ ಧೋರಣಿ.

— ನಗಬ್ಯಾಡ! ಮುಂದ ಹೇಳು.

— ಮುಂದಿನದು ಇನ್ನೂ ಮಜಾ ಅದ. 1938ರ ಡಿಸೆಂಬರಿನಾಗ ಬಿಡುಗಡೆ, ಭರ್ಜರಿ ಓಡ್ತು. 1939ರ ಆಗಸ್ಟಿನಾಗ ಹಿಟ್ಲರ್ ಜೋಡಿ ಸ್ಟಾಲಿನ್ ಒಪ್ಪಂದ ಮಾಡಿಕೊಂಡ. ಜರ್ಮನರನ್ನ ಬೈಯೋ ಪಿಚ್ಚರ್ ಥೇಟರಿನಿಂದ ಮಾಯ! 1941ರ ಜೂನ್ 22ಕ್ಕ ಹಿಟ್ಲರ್ ದಾಳಿ ಮಾಡಿದ, ಮತ್ತ ಎಲ್ಲಾ ಥೇಟರಿಗೂ ಬಂತು. ಮರುವರ್ಷ ನೆವ್‌ಸ್ಕಿ ಹೆಸರಿನಾಗ ಸೈನ್ಯದ ಪದಕ ಮಾಡಿದ್ರು. ನೆವ್‌ಸ್ಕಿಯ ಮಾರಿ ಹ್ಯಾಂಗಿತ್ತೋ ಯಾರಿಗಿ ಗೊತ್ತು? ಪಾರ್ಟು ಮಾಡಿದ ಚೆರ್ಕಾಸೊವ್‌ನ ಮಾರಿನೇ ಪದಕದ ಮ್ಯಾಲ ಒತ್ತಿದ್ರು.

— ಅದು ಚಲೋ ಆಯ್ತು. ನಮ್ಮ ಕಡಿನೂ ಪುಲಿಕೇಶಿ ಅಂದ್ರ ರಾಜಕುಮಾರನ ಮೀಸಿನೇ ಕಣ್ಣಿಗಿ ಬರ್ತದ. ಇರಲಿ. ಈ ಪಿಚ್ಚರ್ ನನಗ ಯಾಕ ತೋರಿಸ್ದಿ? ಸಾಲಿ ಹುಡುಗರಿಗಿ ತೋರಿಸಬೇಕಂತಿಯೇನು?

— ಇಲ್ರಿ. ನಮ್ಮ ಕಡೆದೊಂದು ಕಥಿ ತಲ್ಯಾಗ ಹೊಕ್ಕದ. ಕುಮಾರರಾಮಂದು.

— ಅದು ಗಂಗಾವತಿ ಕಡೆದು, ಕುಮ್ಮಟದುರ್ಗದ್ದು. ನಮ್ಮದು ಹ್ಯಾಂಗ ಆಯ್ತು? ಪಿಚ್ಚರೂ ಆಗ್ಯದಲ್ಲ, 2006ರಾಗ ಶಿವರಾಜಕುಮಾರ್ ಮಾಡಿದ ‘ಗಂಡುಗಲಿ ಕುಮಾರರಾಮ’. ಭಾರ್ಗವ ಅವರ ಡೈರೆಕ್ಷನ್.

— ಲಡಾಯಿ ಮುಗಿದದ್ದು ಅಲ್ಲಿ. ಸುರು ಆದದ್ದು ಇಲ್ಲಿ, ಸಗರದಾಗ. ಮಲೆನಾಡಿನ ಸಾಗರ ಅಲ್ರಿ, ಜೇವರ್ಗಿ ದಾಟಿ ಶಹಾಪುರದ ಆಕಡಿ ಇರೋ ಸಗರ. ಸಗರನಾಡು ಅಂತ ಅಂತೀವಲ್ಲ, ಅದರ ಊರು.

— ಅಲ್ಲಿ ಬೀಗರ ಮನಿ ಅದ ನಮ್ಮದು! ಹೊಲ, ಹಳೇ ಕಲ್ಲು, ದರ್ಗಾ. ಅಲ್ಲೇನು ಆಗಿತ್ತು?

— ದಿಲ್ಲಿಯವರ ಕಾಲದಾಗ ಅದು ದೊಡ್ಡ ಠಾಣೆ. ಅಲ್ಲಿ ಸುಭೇದಾರ ಇದ್ದವ ಬಹಾವುದ್ದೀನ್ ಗುರ್ಶಾಸ್ಪ್. ಮಹಮ್ಮದ್ ಬಿನ್ ತುಘಲಕನ ಸೋದರತ್ತಿ ಮಗ. ತುಘಲಕ ಪಟ್ಟ ಏರಿದಾಗ ಇವ, ಆ ಮನಿಷ್ಯಾಗ ನಾ ಸಲಾಂ ಹೊಡಿಯಂಗಿಲ್ಲ ಅಂತ ತಿರುಗಿ ಬಿದ್ದ. 1326, 27ರ ಮಾತು. ದೇವಗಿರಿ ಕಡಿ ಲಡಾಯಿ ಆಯ್ತು, ಸೋತ, ಸಗರಕ್ಕ ಓಡಿ ಬಂದ. ಹಿಂದ ದಿಲ್ಲಿ ದಂಡು. ಹೆಂಡರು ಮಕ್ಕಳನ್ನ ಕರಕೊಂಡು ಕೃಷ್ಣಾ ದಾಟಿ ಕಂಪಿಲಿ ರಾಯನ ಬಾಗಿಲಿಗಿ ಹೋಗಿ ನಿಂತ.

— ಕಂಪಿಲಿ ರಾಯ ಕುಮಾರರಾಮನ ಅಪ್ಪ.

— ಹೂಂ. ದಿಲ್ಲಿಯವರು, ಅವನ್ನ ಒಪ್ಪಿಸು ಅಂತ ಬಂದ್ರು. ರಾಯ ಒಪ್ಪಿಸಲಿಲ್ಲ. ಮೊದಲ ಎರಡು ಸಲ ದಿಲ್ಲಿ ದಂಡು ಕುಮ್ಮಟದ ಗುಡ್ಡದಾಗ ಮಾರ ತಿಂದು ಹಿಂದ ಹೋಯ್ತು. ಮೂರನೇ ಸಲ ನಿಲ್ಲಾಕ ಆಗಲಿಲ್ಲ. ಕಾಳು ತೀರಿತು. ಪ್ರವಾಸಿ ಇಬ್ನ್ ಬತೂತಾ ಬರದಾನ, ಅವ ದಿಲ್ಲಿಗಿ ಬಂದದ್ದು ಏಳು ವರ್ಷ ಆದ ಮ್ಯಾಲ, ಕೇಳಿ ಬರದದ್ದು. ರಾಯ ಗುರ್ಶಾಸ್ಪನ್ನ ಕರದು, ನಂದು ಮುಗೀತು, ನೀ ಇಂಥಾ ರಾಜನ ಕಡಿ ಹೋಗು ಅಂತ ಮೊದಲು ಅವನ್ನ ಸುರಕ್ಷಿತ ಕಳಿಸಿದ. ಆಮ್ಯಾಲ ಬೆಂಕಿ ಹಚ್ಚಿಸಿದ. ಅರಮನಿ ಹೆಣ್ಣಮಕ್ಕಳು ಮೈತೊಳಕೊಂಡು ಗಂಧ ಹಚ್ಚಿಕೊಂಡು ಬೆಂಕಿಗಿ ಹಾರಿದ್ರು. ರಾಯ ಹೊರಗ ಬಂದು ಕಾದಾಡಿ ಸತ್ತ.

— ಮಕ್ಕಳು?

— ಸಿಕ್ಕ ಹನ್ನೊಂದು ಮಂದಿ ಮಕ್ಕಳನ್ನ ದಿಲ್ಲಿಗಿ ಒಯ್ದು ಮುಸಲ್ಮಾನರನ್ನ ಮಾಡಿದ್ರು, ಸುಲ್ತಾನ ಅವರಿಗಿ ದೊಡ್ಡ ಹುದ್ದೆ ಕೊಟ್ಟ ಅಂತ ಬರದಾನ. ಅವರಾಗ ಮೂವರನ್ನ ಬತೂತಾ ತಾನೇ ಕಂಡಾನ. ಒಬ್ಬನ ಕೆಲಸ ಏನು ಗೊತ್ತೇನ್ರಿ? ಸುಲ್ತಾನ ಕುಡಿಯೋ ನೀರಿಗಿ ಮೊಹರು ಹಾಕೋದು. ಅಪ್ಪನ್ನ ಕೊಲ್ಲಿಸಿದವನ ನೀರಿನಾಗ ವಿಷ ಬೀಳದಂಗ ಕಾಯೋ ಕೆಲಸ.

— ಯಪ್ಪಾ. ಅದೊಂದೇ ಸಾಕು ಒಂದು ಪಿಚ್ಚರಿಗಿ.

— ಅಲ್ಲೇನ್ರಿ? ನಾಕು ದಿನ ಅದೇ ತಲ್ಯಾಗ ಕುಂತಿತ್ತು. ಆದ್ರ ನಮ್ಮ ಕಾವ್ಯದವರು, ಹಾಡಿನವರು ಹಿಡಿದದ್ದು ಬ್ಯಾರೆ ಎಳಿ. ನಂಜುಂಡ ಕವಿಯ ‘ಕುಮಾರರಾಮನ ಸಾಂಗತ್ಯ’ ತಗೊಳ್ರಿ, ಜನಪದ ತಗೊಳ್ರಿ, ನಡುಮನಿಯಾಗ ಕುಂತಾಕಿ ರತ್ನಾಜಿ. ಮಲತಾಯಿ. ರಾಮನ ಮ್ಯಾಲ ಮನಸ್ಸು ಮಾಡ್ತಾಳ, ಅವ ಒಲ್ಲೆ ಅಂತಾನ, ಪರನಾರಿ ಸಹೋದರ ಅವ. ಆಕಿ ಸುಳ್ಳು ಚಾಡಿ ಹೇಳ್ತಾಳ. ಅಪ್ಪ ಮಗನ ತಲಿ ತಾ ಅಂತಾನ. ಮಂತ್ರಿ ಬೈಚಪ್ಪ ಇನ್ನೊಂದು ತಲಿ ತೋರಿಸಿ ರಾಮನ್ನ ಬಚ್ಚಿಡ್ತಾನ. ದಿಲ್ಲಿಯವರು ಬಂದಾಗ ಸತ್ತ ರಾಮ ಎದ್ದು ಬರ್ತಾನ. ಕಡಿಗಿ ಮಾತಂಗಿ ಅನ್ನೋ ಹೆಣ್ಣುಮಗಳು ದಂಡು ತಂದು ಅವನ ತಲಿ ತೆಗೀತಾಳ. ಈಗೂ ಕೆಲವು ಕಡಿ ಕಟ್ಟಿಗಿ ತಲಿ ಮಾಡಿ ಪೂಜಿ ಮಾಡ್ತಾರ.

— ಅದು ಬರೋಬರ್ ಐತಲ್ಲ! ಇಂಟರ್ವಲ್ ಎಲ್ಲಿ ಬೀಳಬೇಕು ಅಂತ ಕಥಿನೇ ಹೇಳ್ತದ. ಸತ್ತಾನ ಅಂದವ ಎದ್ದು ಬಂದಾಗ.

— ಕಥಿ ಚಲೋ ಅದ, ಇಲ್ಲ ಅನ್ನಂಗಿಲ್ಲ. ನೆವ್‌ಸ್ಕಿಗಿ ಸಾವು ತೆಗೆದ್ರು, ನಮ್ಮವರು ರಾಮನ ಸಾವನ್ನೇ ತಲಿ ಮ್ಯಾಲ ಹೊತ್ತು ಮೆರಸಿದ್ರು. ಸೋತವಗ ಹಬ್ಬ ಮಾಡೋ ಮಂದಿ ನಾವು, ಆ ಮಾತಿಗಿ ನನಗ ಅಭಿಮಾನ ಅದ. ಆದ್ರ ರತ್ನಾಜಿ ದೊಡ್ಡಾಕಿ ಆದಂಗೆಲ್ಲಾ ಗುರ್ಶಾಸ್ಪ್ ಸಣ್ಣವ ಆದ. ಲಡಾಯಿ ಯಾಕ ಆಯ್ತು ಅನ್ನೋದೇ ಹಿಂದ ಸರೀತು. ಉಳದದ್ದು ಏನು? ದಿಲ್ಲಿಯವ ಬಂದ, ನಮ್ಮವ ಕಾದಾಡ್ದ. ಖರೇ ಅಂದ್ರ ಕಂಪಿಲಿ ರಾಯ ಸತ್ತದ್ದು ತನ್ನ ನೆಲ ಉಳಿಸಾಕಲ್ಲ. ಅವನ್ನ ಒಪ್ಪಿಸಿದ್ದಿದ್ರ ನೆಲ ಉಳೀತಿತ್ತೋ ಏನೋ. ಶರಣು ಬಂದವನ್ನ ಒಪ್ಪಿಸಂಗಿಲ್ಲ ಅಂತ ಸತ್ತ. ಬಂದವ ಯಾರು? ದಿಲ್ಲಿ ಮನಿತನದವನೇ, ನಿನ್ನಿ ತನಕ ಸಗರದಾಗ ಕುಂತು ಇದೇ ಸೀಮಿಯ ಕಂದಾಯ ಎತ್ತಿದವ.

— ಅದನ್ನ ಇವತ್ತು ತೆಗಿ ನೋಡೂಣು ನೀ. ಹಿಂದೂ ರಾಜ ಮುಸಲ್ಮಾನನ್ನ ಕಾಯಾಕ ಮುಸಲ್ಮಾನನ ಜೋಡಿ ಕಾದಾಡ್ದ. ಒಂದು ಕಡಿಯವರು ಹೀಂಗ ಯಾಕ ಅಂತಾರ, ಇನ್ನೊಂದು ಕಡಿಯವರು ಹಾಂಗ ಯಾಕ ಅಂತಾರ. ತಂಬಿನಾಗ ಸೀಟಿ ಹೊಡಿಯವ ಯಾರಿಗಿ ಹೊಡೀಬೇಕು?

— ನಿಮಗ ಹೊಡಿಯಾಕ ಯಾರೂ ಸಿಗಲಿಲ್ಲೇನ್ರಿ ಕಾಕಾ, ಈ ಕಥಿಯಾಗ?

— ನನ್ನ ಮಾತು ಬ್ಯಾರೆ. ನಾ ರಜಾಕಾರರ ಕಾಲದಾಗ ಹುಟ್ಟಿದವ. ನಮ್ಮವ್ವ ನನ್ನ ಬಗಲಾಗ ಕಟ್ಟಿಕೊಂಡು ಭೀಮಾ ದಾಟಿ ಇಂಡಿ ಕಡಿ ಹೋಗಿದ್ಲು. ಹೊಳಿ ಆಕಡಿ ಮುಂಬೈ ಸರಕಾರ, ಈಕಡಿ ನಿಜಾಮ. ನಮ್ಮ ಊರಿನವರು ಎಷ್ಟೋ ಮಂದಿ ಹಂಗೇ ಇಂಡಿ ಕಡಿ, ಸೊಲ್ಲಾಪುರ ಕಡಿ ಹೋಗಿ, ಯಾರದೋ ಪಡಸಾಲ್ಯಾಗ ಇದ್ರು. ರೊಟ್ಟಿ ಕೊಟ್ಟವರು ನಮ್ಮ ಜಾತಿ ಕೇಳಲಿಲ್ಲ ಅಂತ ಅವ್ವ ಹೇಳತಿದ್ಲು. ಜಾತಿ ಕೇಳಿದವರು ಇದ್ರು, ಅದನ್ನೂ ಹೇಳತಿದ್ಲು.

— 1948ರ ಸೆಪ್ಟೆಂಬರ್ 17ಕ್ಕ ನಿಜಾಮನ ಆಳ್ವಿಕಿ ಮುಗಿದ ಮ್ಯಾಲ?

— ಆಮ್ಯಾಲ ತಕ್ಕಡಿ ಇನ್ನೊಂದು ಕಡಿ ಬಾಗ್ತು. ನಾವು ತಿರುಗಿ ಬಂದ್ವಿ. ಮನಿ ಹಿಂದಿನ ದನದ ಕೊಟ್ಟಿಗ್ಯಾಗ ಒಬ್ಬ ಮುಲ್ಲಾನ ಹೆಂಡತಿ ಮಕ್ಕಳನ್ನ ಅಪ್ಪ ಇಟ್ಟಿದ್ದ. ಹೊರಗ ಯಾರಿಗೂ ಹೇಳಬ್ಯಾಡ ಅಂತ ಅವ್ವಗ ತಾಕೀತು. ರಜಾಕಾರರಿಗಿ ಹೆದರಿ ಓಡಿದವರು, ಅವರದೇ ಜಾತಿಯವರನ್ನ ಬಚ್ಚಿಟ್ಟರು. ಎಲ್ಲಾರೂ ಹಂಗ ಇದ್ರು ಅಂತ ಹೇಳಂಗಿಲ್ಲ. ಆಗಬಾರದ್ದು ಭಾಳ ಆಯ್ತು ಈ ಜಿಲ್ಲೆದಾಗ.

— ಅವಾಗ ಆದದ್ದನ್ನ ನೋಡಾಕ ಬಂದ ಸುಂದರಲಾಲ್ ಸಮಿತಿ ಭಾಳ ನೊಂದವು ಅಂತ ಹೇಳಿದ ನಾಕು ಜಿಲ್ಲೆಯಾಗ ನಮ್ಮ ಕಲಬುರ್ಗಿನೂ ಒಂದು.

— ವರದಿ ನೀವು ಓದ್ತೀರಿ. ನಮಗ ಮನಿ ಗೊತ್ತಿದ್ವು. ಅದಕ್ಕೇ ಅಂದೆ, ನನ್ನ ಮಾತು ಬ್ಯಾರೆ. ಕಂಪಿಲಿ ರಾಯಗ ನಾ ಸೀಟಿ ಹೊಡೀತೀನಿ. ಆದ್ರ ಇಪ್ಪತ್ತು ವಯಸ್ಸಿನ ಹುಡುಗಗ ಕತ್ತಿ ಬೇಕು, ಕುದರಿ ಬೇಕು, ವೈರಿ ಬೀಳಬೇಕು. ಬರ್ಫ ಒಡದು ಸರದಾರರು ನೀರಾಗ ಮುಳುಗಿದಾಗ ನಾನೇ ಹಾಸಿಗ್ಯಾಗ ಎದ್ದು ಕುಂತೆ.

— ಆ ಬರ್ಫ ಒಡದದ್ದಕ್ಕೂ ಆಧಾರ ಗಟ್ಟಿ ಇಲ್ರಿ. ಅದಕ್ಕ ಎಂಟು ವರ್ಷ ಮೊದಲು ಒಂದು ಹೊಳಿ ಮ್ಯಾಲ ಆದ ಲಡಾಯಿಯಾಗ ಸರದಾರರು ಬರ್ಫ ಒಡದು ಮುಳುಗಿದ್ರು. ಅದನ್ನ ಇದಕ್ಕ ಜೋಡಿಸ್ಯಾರ. ಈಗ ಜಗತ್ತಿಗೇ ಅದು ಖರೇ.

— ಆಗವಲ್ದ್ಯಾಕ. ನೋಡಾಕ ಏನು ಚಂದ ಅದ! ನೀ ಪಿಚ್ಚರ್ ತೆಗೆದ್ರ ಮೊದಲನೇ ಸೀನ್ ಏನು? ಸಗರದ ಕ್ವಾಟಿ?

— ಕ್ವಾಟಿ ಬ್ಯಾಡ. ರಾತ್ರಿ, ಕೃಷ್ಣಾ ಹೊಳಿ. ಹರಗೋಲಿನಾಗ ಗುರ್ಶಾಸ್ಪನ ಹೆಂಡರು ಮಕ್ಕಳು. ಅಂಬಿಗ ರೊಕ್ಕದ ಸಲುವಾಗಿ ತಕರಾರು ಮಾಡ್ತಾನ. ಇವ ಸುಲ್ತಾನನ ಸೋದರತ್ತಿ ಮಗ, ಅವಗ ಅದು ಗೊತ್ತಿಲ್ಲ, ಗೊತ್ತಾಗಬಾರದು.

— ಇದು ಬೇಶ್. ಕುಮಾರರಾಮ ಯಾವಾಗ ಬರ್ತಾನ?

— ಒಪ್ಪಿಸಬೇಕೋ ಬ್ಯಾಡೋ ಅಂತ ಸಭಾದಾಗ ವಾದ ಆಗ್ತಿರತದ, ಅವಾಗ. ಅವ ಏನಂತ ವಾದ ಮಾಡಿದ ಅಂತ ಯಾವ ಗ್ರಂಥದಾಗೂ ನಂಗ ಸಿಗಲಿಲ್ಲ. ಅಲ್ಲಿ ನಾ ಬರೀಬೇಕು. ಅವ ಒಪ್ಪಿಸೂಣು ಅಂತಾನ ಅಂತ ಬರೀಬೇಕಂತೀನಿ.

— ಏಯ್! ರಾಮನ ಬಾಯಾಗ ಆ ಮಾತು ಬರಂಗಿಲ್ಲ. ಮಂದಿ ಚಪ್ಪಲಿ ಒಗೀತಾರ.

— ಒಗೀಲಿ. ಊರು ಸುಡ್ತದ, ಹೆಣ್ಣಮಕ್ಕಳು ಸಾಯ್ತಾರ ಅಂತ ಗೊತ್ತಿರೋ ಮಗ ಅಪ್ಪನ ಎದುರಿಗಿ ಒಂದು ಸಲ ಬ್ಯಾಡ ಅನ್ನಂಗಿಲ್ಲೇನು? ಅಂದ ಮ್ಯಾಲೂ ಅಪ್ಪನ ಮಾತಿಗಿ ನಿಂತು ಕಾದಾಡ್ತಾನ. ಅದರಾಗ ಅವ ಸಣ್ಣವ ಆಗಂಗಿಲ್ಲ.

— ನಾ ಒಪ್ಪಂಗಿಲ್ಲ. ಇರಲಿ. ಬಲ್ಲಾಳನ ಪಾರ್ಟು? ಗುರ್ಶಾಸ್ಪ್ ಮುಂದ ಹೋಗಿ ಬಾಗಿಲ ತಟ್ಟಿದ್ದು ಹೊಯ್ಸಳ ಬಲ್ಲಾಳನ ಹತ್ತಿರ ಅಲ್ಲ? ಅವ ಒಪ್ಪಿಸಿಬಿಟ್ಟ ಅಂತ ಸಾಲ್ಯಾಗ ಓದಿದ ನೆನಪು.

— ಒಪ್ಪಿಸಿದ. ದೊಡ್ಡ ಪಾರ್ಟು ಅದೇ ಅಂತೀನಿ ನಾ. ಅವನ್ನ ಖಳ ಮಾಡಿದ್ರ ಪಿಚ್ಚರ್ ಸತ್ತೇ ಹೋಗ್ತದ. 1311ರಾಗ ದಿಲ್ಲಿ ಸರದಾರ ಮಲಿಕ್ ಕಾಫರ್ ದ್ವಾರಸಮುದ್ರಕ್ಕ ಬಂದದ್ದನ್ನ ಕಣ್ಣಾರೆ ಕಂಡವ. ಆನಿ, ಕುದರಿ, ಬಂಗಾರ ಕೊಟ್ಟು ಊರು ಉಳಿಸಿಕೊಂಡವ. ಈಗ ಕಂಪಿಲಿ ಸುಟ್ಟ ಹೊಗಿ ಕಾಣತದ. ಏನು ಮಾಡಬೇಕು ಅವ? ಒಬ್ಬನ್ನ ಕೊಟ್ಟ.

— ಆ ಒಬ್ಬಗ ದಿಲ್ಲಿಯವರು ಏನು ಮಾಡಿದ್ರು?

— ಹೇಳಬಾರದ್ದು ಮಾಡಿದ್ರು. ಜೀವ ಇರತಾ ಚರ್ಮ ಸುಲಿಸಿ, ಮಾಂಸ ಅಕ್ಕಿಯಾಗ ಬೇಯಿಸಿ ಮನಿಯವರಿಗಿ ಕಳಿಸಿದ್ರು. ಆನಿಗಳ ಮುಂದ ಇಟ್ರ ಅವು ಮುಟ್ಟಲಿಲ್ಲ ಅಂತ ಬರದಾನ ಬತೂತಾ. ಚರ್ಮಕ್ಕ ಹುಲ್ಲು ತುಂಬಿ ದೇಶ ತಿರುಗಿಸಿದ್ರು.

— ಮತ್ತ ಬಲ್ಲಾಳ ಉಳಕೊಂಡ.

— ಹದಿನೈದು ವರ್ಷ ಉಳಕೊಂಡ. 1342ರ ಸುಮಾರಿಗಿ, ಎಂಬತ್ತು ದಾಟೋ ವಯಸ್ಸಿನಾಗ, ಮಧುರೈ ಸುಲ್ತಾನನ ಜೋಡಿ ಲಡಾಯಿಗಿ ಹೋಗಿ ಸಿಕ್ಕಿಬಿದ್ದ. ಅವನ ಚರ್ಮ ಸುಲಿದು, ಹುಲ್ಲು ತುಂಬಿ, ಮಧುರೈ ಕ್ವಾಟಿ ಗ್ವಾಡಿಗಿ ತೂಗಹಾಕಿದ್ರು. ಅದನ್ನ ಮಾತ್ರ ಬತೂತಾ ಕೇಳಿ ಬರದಿಲ್ಲ, ತಾನೇ ನೋಡೀನಿ ಅಂತಾನ.

— ಬಲ್ಲಾಳಂದೂ ಹಂಗೇ?

— ಹಂಗೇ.

— ಇದನ್ನ ಪಿಚ್ಚರಿನಾಗ ಹಾಕಬ್ಯಾಡ ತಂಗಿ. ಬರದಾಕಿ ಬೇಕಂತ ಹೊಂದಿಸ್ಯಾಳ ಅಂತಾರ ಮಂದಿ.

— ಅದು ಖರೇ ಆದದ್ದು ಕಾಕಾ. ಬರ್ಫ ಒಡದದ್ದು ನಂಬ್ತೀರಿ, ಇದು ನಂಬಂಗಿಲ್ಲೇನು?

— ನಾ ನಂಬ್ತೀನಿ. ತಂಬಿನವ ನಂಬಬೇಕಲ್ಲ. ಆ ಅಂಬಿಗನ ಸೀನ್ ಮೊದಲು ಬರಕೊಂಡು ಬಾ, ಅವ ಎಷ್ಟು ರೊಕ್ಕ ಕೇಳ್ತಾನ ನೋಡೂಣು.